ಸ್ವರ್ಣಾ ಹೊಳೆಯಲ್ಲಿ ಗಾಳ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆ ಉಡುಪಿಯ ಕೆಮ್ಮಣ್ಣಿನ ಹತ್ತಿರ, ಸ್ವರ್ಣಾ ಹೊಳೆಯ ಬದಿಯಲ್ಲಿದೆ. ಜಗಲಿಯಲ್ಲಿ ಕೂತರೆ ಎದುರಿಗೆ ಕುದ್ರು, ಅಂದರೆ ಹೊಳೆಯ ನಡುವಿನ ದ್ವೀಪ, ಕಾಣುತ್ತದೆ. ಸ್ವಲ್ಪ ಕೆಳಗೆ ಹೋದರೆ ಕೋಡಿ ಬೆಂಗ್ರೆ. ಸ್ವರ್ಣಾ, ಸೀತಾ ಎರಡೂ ಹೊಳೆಗಳು ಅಲ್ಲಿ ಕಡಲು ಸೇರುತ್ತವೆ. ಹಾಗಾಗಿ ನಮ್ಮಲ್ಲಿ ನೀರು ಒಮ್ಮೆ ಉಪ್ಪು, ಒಮ್ಮೆ ಸಿಹಿ. ಗಾಳ ಹಾಕುವವರು ಗಡಿಯಾರ ನೋಡಿದರೆ ಸಾಲದು, ಉಬ್ಬರ ಇಳಿತ ನೋಡಬೇಕು. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಿನ್ನೆ ಮೀನು ಸಿಕ್ಕಿದ ಹೊತ್ತಿಗೇ ಇವತ್ತು ಹೋಗಿ ಕೂತರೆ ಸುಮ್ನೆ ಕೂತು ಬರಬೇಕಾಗುತ್ತದೆ.

ಚೌತಿ ಕಳೆದು ನವರಾತ್ರಿ ಬರುವಾಗ ಹೊಳೆಯ ಕೆಂಪು ಇಳಿಯುತ್ತದೆ. ಮಳೆಗಾಲದಲ್ಲಿ ಕೆಳಗೆ ಹೋಗಿದ್ದ ಉಪ್ಪುನೀರು ಮೆಲ್ಲಗೆ ಮೇಲೆ ಹತ್ತುತ್ತದೆ. ಅದರ ಹಿಂದೆಯೇ ಕಾಣೆ ಮೀನು ಬರುತ್ತದೆ. ಕಾಣೆಗೆ ಬಾಯಿ ಚಿಕ್ಕದು, ಮರಳಿನ ತಳದಲ್ಲೇ ಹುಡುಕಿ ತಿನ್ನುವ ಮೀನು. ಅದಕ್ಕೆ ಸಣ್ಣ ಗಾಳ, ಎರೆಹುಳು ಅಥವಾ ಸಿಗಡಿಯ ಚೂರು ಸಾಕು. ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಂಡಿರಬೇಕು. ಟಕ್ ಟಕ್ ಅಂತ ಎರಡು ಸಲ ಮುಟ್ಟುತ್ತದೆ, ಅಷ್ಟೇ. ಆಮೇಲೆ ಎಳೆದರೆ ಖಾಲಿ ಗಾಳ.

ಚಳಿಗಾಲದಲ್ಲಿ ನನಗೆ ಇಷ್ಟ ಗರಿ ಗಾಳ. ಹೊರದೇಶದವರು ಫ್ಲೈ ಫಿಶಿಂಗ್ ಅನ್ನುತ್ತಾರಲ್ವಾ, ಅದೇ. ಗೆಳೆಯನೊಬ್ಬ ಕಲಿಸಿಕೊಟ್ಟ. ಇದರಲ್ಲಿ ಎರೆಯೇ ಇಲ್ಲ. ಮನೆಯ ಬಿಳಿ ಹುಂಜದ ಕತ್ತಿನ ಗರಿ ತೆಗೆದು, ಗಾಳದ ಕೊಕ್ಕೆಗೆ ನೂಲಿನಿಂದ ಬಿಗಿಯಾಗಿ ಸುತ್ತುತ್ತೇನೆ. ಒಣಗಿದ್ದಾಗ ಅದು ಬರೀ ಗರಿ. ನೀರಿನಲ್ಲಿ ಎಳೆದರೆ ಎಳೆಗಳೆಲ್ಲ ಹಿಂದಕ್ಕೆ ಮಡಚಿ, ಸಣ್ಣ ಮೀನೊಂದು ಹೆದರಿ ಓಡಿದ ಹಾಗೆ ಕಾಣುತ್ತದೆ. ಗರಿಗೆ ಭಾರ ಇಲ್ಲ, ಭಾರ ಇರುವುದು ದಪ್ಪ ದಾರಕ್ಕೆ. ಆ ದಾರವನ್ನು ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಳ್ಳುವ ತನಕ ಒಂದು ಕ್ಷಣ ತಡೆದು, ಆಮೇಲೆ ಮುಂದಕ್ಕೆ ಬಿಡಬೇಕು. ನಮ್ಮ ದಡದಲ್ಲಿ ಬೆನ್ನ ಹಿಂದೆಯೇ ತೆಂಗಿನ ಮರಗಳು, ದಾರ ಬಿಚ್ಚಲು ಜಾಗ ಇಲ್ಲ. ಅದಕ್ಕೆ ದೋಣಿಯಲ್ಲಿ ಮರಳದಿಬ್ಬಕ್ಕೆ ಹೋಗುತ್ತೇನೆ.

ಇಳಿತದ ಹೊತ್ತಿಗೆ ಕುದ್ರುವಿನ ತೋಡುಗಳಿಂದ ನೀರು ಹೊಳೆಗೆ ಇಳಿಯುತ್ತದೆ. ಆ ನೀರಿನ ಜೊತೆ ಸಣ್ಣ ಮೀನು, ಸಿಗಡಿ ಎಲ್ಲ ಹೊರಗೆ ಬರುತ್ತವೆ. ತೋಡಿನ ಬಾಯಲ್ಲಿ ಕುರುಡಿ ಮೀನು ಕಾದಿರುತ್ತದೆ. ಗರಿ ಬೀಳಬೇಕಾದದ್ದು ಅಲ್ಲಿಗೇ. ಕುರುಡಿ ಮುಟ್ಟಿ ನೋಡುವುದಿಲ್ಲ, ನುಂಗಿಯೇ ಬಿಡುತ್ತದೆ. ಕೋಲು ಬಾಗಿ ನೀರು ಮುಟ್ಟುವಾಗ ಎದೆ ಹೊಡೆದುಕೊಳ್ಳುವುದು ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ.

ಗರಿ ಗಾಳದವರು ಕನಸು ಕಾಣುವ ಮೀನು ಮಹಶೀರ್. ನಮ್ಮ ಜಿಲ್ಲೆಗಳ ಜನರಿಗೆ ಅದು ದೇವರ ಮೀನು. ಬೆಳ್ತಂಗಡಿಯ ಶಿಶಿಲದಲ್ಲಿ, ದೇವಸ್ಥಾನದ ಪಕ್ಕದ ಕಪಿಲಾ ಹೊಳೆಯಲ್ಲಿ, ಅವು ಮೆಟ್ಟಿಲ ತನಕ ಬಂದು ಬಾಯಿ ತೆರೆಯುತ್ತವೆ. ಅಲ್ಲಿಗೆ ಹೋದರೆ ನಾನು ಒಯ್ಯುವುದು ಮೀನಿಗೆ ಹಾಕುವ ಹೊದಲು, ಅಂದರೆ ಅರಳು, ಮಾತ್ರ.

ಬೇಸಿಗೆಯಲ್ಲಿ ಮೇಲಿನ ಹೊಳೆ ಒಣಗಿ ಅಲ್ಲೊಂದು ಇಲ್ಲೊಂದು ಕಯ, ಅಂದರೆ ಆಳದ ಗುಂಡಿ, ಉಳಿಯುತ್ತದೆ. ಮೀನೆಲ್ಲ ಅದರೊಳಗೆ. ಕೆಲವರು ಸಿಡಿಮದ್ದಿನ ತೋಟೆ ಹಾಕುತ್ತಾರೆ. ಒಂದು ಸದ್ದಿಗೆ ಮರಿ, ಮೊಟ್ಟೆ, ದೊಡ್ಡದು ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಅದು ಮೀನು ಹಿಡಿಯುವುದಲ್ಲ.

ಇನ್ನು ಮಳೆಗಾಲ. ಜೂನ್ 1ರಿಂದ ಜುಲೈ 31ರ ತನಕ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ತೋಡು ಗದ್ದೆಗಳಲ್ಲಿ ಮಾತ್ರ ಅದೇ ಹೊತ್ತಿಗೆ ಗಲಾಟೆ ಶುರು. ಮೊದಲ ಜೋರು ಮಳೆಗೆ ಮೀನುಗಳು ಮೊಟ್ಟೆ ಇಡಲು ನೀರಿಗೆ ಎದುರಾಗಿ ಹತ್ತುತ್ತವೆ. ತುಳುವಿನಲ್ಲಿ ಉಬರ್ ಮೀನು ಅನ್ನುತ್ತೇವೆ. ಹಿಡಿಯುವುದು ಬಹಳ ಸುಲಭ. ನಾನು ಹನ್ನೆರಡು ವರ್ಷದವನಿದ್ದಾಗ ಒಂದು ರಾತ್ರಿ ದೊಡ್ಡ ಮುಗುಡು ಹಿಡಿದು ತಂದೆ. ಅಮ್ಮ ಮೆಟ್ಟುಕತ್ತಿಯಲ್ಲಿ ಹೊಟ್ಟೆ ಸೀಳಿದರು. ಒಳಗೆಲ್ಲ ಮೊಟ್ಟೆ, ರಾಗಿಕಾಳಿನ ಹಾಗೆ. ಅಮ್ಮನ ಬೆರಳ ಸಂದಿನಿಂದ ಅವು ಜಾರುತ್ತಿದ್ದವು. "ಇನ್ನು ಸೋಣ ತಿಂಗಳು ಬರುವ ತನಕ ಗಾಳ ಮುಟ್ಟಬೇಡ ಮಗಾ" ಅಂದರು. ಬೈಯಲಿಲ್ಲ. ಅವತ್ತಿನಿಂದ ಮಳೆಗಾಲ ಶುರುವಾದರೆ ಸೋಣ, ಅಂದರೆ ಆಗಸ್ಟ್ ನಡುವಿಗೆ ಶುರುವಾಗುವ ತುಳು ತಿಂಗಳು, ಬರುವ ತನಕ ನಾನು ಗಾಳ ಮುಟ್ಟುವುದಿಲ್ಲ.

ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ಪತ್ತನಾಜೆ ಈಗ ಕಳೆದಿದೆ. ನಿನ್ನೆ ಸಂಜೆ ಗರಿಗಳನ್ನು ಡಬ್ಬಿಗೆ ಹಾಕಿದೆ, ಬಿದಿರಿನ ಕೋಲಿಗೆ ತೆಂಗಿನೆಣ್ಣೆ ಸವರಿ ಅಟ್ಟಕ್ಕೆ ಏರಿಸಿದೆ. ಮಳೆ ಬಿದ್ದ ರಾತ್ರಿ ಟಾರ್ಚು ಹಿಡಿದು ಗದ್ದೆಯ ಬದುವಿಗೆ ಹೋಗುತ್ತೇನೆ. ಈ ಸಲ ಮೊಮ್ಮಗಳೂ ಬರುತ್ತೇನೆ ಅಂದಿದ್ದಾಳೆ, ಮೀನು ಹತ್ತುವುದನ್ನು ನೋಡಲು.