ಕಾಲಲ್ಲಿ ತಳ್ಳೋ ಕಂದು ಗಡ್ಡೆ: ಪೆಗ್ಮಟೈಟ್ ಫಾಸ್ಫೇಟ್‌ಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಖನಿಜ ಕೂಡಿಡೋ ಹವ್ಯಾಸ ಇರೋರು ಪೆಗ್ಮಟೈಟ್ ಅನ್ನೋ ದೊಡ್ಡ ಹರಳಿನ ಕಲ್ಲಿನ ಕ್ವಾರಿಗೆ ಹೋದ್ರೆ ಮೊದಲು ಕಣ್ಣು ಹೋಗೋದೇ ಟೂರ್ಮಲೀನ್ ಮೇಲೆ, ಬೆರಿಲ್ ಮೇಲೆ. ಪಕ್ಕದಲ್ಲೇ ತುಕ್ಕು ಹಿಡಿದ ಕಬ್ಬಿಣದ ಥರ ಕಂದು-ಕಪ್ಪು ಗಡ್ಡೆ ಬಿದ್ದಿರತ್ತೆ, ಅದನ್ನ ಕಾಲಲ್ಲಿ ತಳ್ಳಿ ಮುಂದೆ ಹೋಗ್ತಾರೆ. ನಾನಿವತ್ತು ಮಾತಾಡೋದು ಆ ಗಡ್ಡೆ ಬಗ್ಗೆನೇ.

ಗ್ರಾನೈಟ್ ಶಿಲಾಪಾಕ ನಿಧಾನಕ್ಕೆ ಗಟ್ಟಿಯಾಗ್ತಾ ಬಂದ ಹಾಗೆ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಒಳಗೆ ಜಾಗ ಸಿಗದ ಲಿಥಿಯಂ, ಬೆರಿಲಿಯಂ, ಫಾಸ್ಫರಸ್ ಎಲ್ಲ ಉಳಿದ ದ್ರವದಲ್ಲೇ ನೀರಿನ ಜೊತೆ ಸೇರ್ತಾ ಹೋಗ್ತವೆ, ಆ ಉಳಿಕೆಯಿಂದ ಹುಟ್ಟೋದೇ ಪೆಗ್ಮಟೈಟ್. ಎಲ್ಲಾ ಪೆಗ್ಮಟೈಟಲ್ಲೂ ಫಾಸ್ಫೇಟ್, ಅಂದ್ರೆ ಫಾಸ್ಫರಸ್ ಇರೋ ಖನಿಜ, ಸಿಗಲ್ಲ. ಸಿಗೋ ಕಡೆ ಮಾತ್ರ ಟ್ರಿಫಿಲೈಟ್ ಅನ್ನೋ ಲಿಥಿಯಂ-ಕಬ್ಬಿಣದ ಫಾಸ್ಫೇಟ್ ದೊಡ್ಡ ದೊಡ್ಡ ಗಡ್ಡೆಯಾಗಿ, ಹೆಚ್ಚಾಗಿ ಮಧ್ಯದ ಕ್ವಾರ್ಟ್ಸ್ ತಿರುಳಿನ ಅಂಚಲ್ಲಿ ಕೂತಿರತ್ತೆ.

ಒಂದು ಗಡ್ಡೆ ಒಡೆದು ನೋಡಿ. ಒಳಗೆ ಹಸಿರು ಬೆರೆತ ಬೂದು, ಸ್ವಲ್ಪ ಎಣ್ಣೆ ಹಚ್ಚಿದ ಹೊಳಪು, ಇದು ಇನ್ನೂ ಕೆಡದ ಟ್ರಿಫಿಲೈಟ್. ಅದರ ಸುತ್ತ ಕಂದು ಪಟ್ಟಿ, ಫೆರಿಸಿಕ್ಲರೈಟ್. ಅದಕ್ಕೂ ಹೊರಗೆ, ಕಪ್ಪು ಸಿಪ್ಪೆಯ ಕೆಳಗೆ, ಒಡೆದ ಮುಖದಲ್ಲಿ ನೇರಳೆ ಬಣ್ಣ ಮಿಂಚತ್ತೆ, ಅದು ಹೆಟೆರೊಸೈಟ್. ಲಿಥಿಯಂ ಒಂದೊಂದೇ ಹಂತದಲ್ಲಿ ಹೊರಗೆ ಹೋಗಿ ಕಬ್ಬಿಣ ಆಕ್ಸಿಡೈಸ್ ಆಗ್ತಾ ಬಂದಿರೋದು ಹೀಗೆ ಅಂಗೈಯಷ್ಟು ಕಲ್ಲಲ್ಲಿ ಪೂರ್ತಿ ಕಾಣತ್ತೆ. ಈ ಕ್ರಮಕ್ಕೆ ಕ್ವೆನ್ಸೆಲ್ ಮತ್ತು ಮೇಸನ್ ಅನ್ನೋ ಇಬ್ಬರು ವಿಜ್ಞಾನಿಗಳ ಹೆಸರೇ ಇದೆ. ಇನ್ನೊಂದು ವಿಷಯ ನನಗೆ ಯಾವಾಗ ಹೇಳಿದ್ರೂ ಮೈ ಜುಂ ಅನ್ನತ್ತೆ: 1997ರಲ್ಲಿ ಗುಡ್‌ಇನಫ್ ಅನ್ನೋ ವಿಜ್ಞಾನಿಯ ತಂಡ ಬ್ಯಾಟರಿಗೆ ಆಗತ್ತೆ ಅಂತ ತೋರಿಸಿಕೊಟ್ಟ ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಕಬ್ಬಿಣದ ಫಾಸ್ಫೇಟ್, ಇದೆಯಲ್ಲ, ಅದರ ರಚನೆ ಟ್ರಿಫಿಲೈಟಿಂದೇ, ಬ್ಯಾಟರಿ ಚಾರ್ಜ್ ಆದಾಗ ಆಗೋದು ಹೆಟೆರೊಸೈಟ್ ರಚನೆ. ಗಡ್ಡೆಯ ಅಂಚಲ್ಲಿ ಕಲ್ಲು ತಾನೇ ತಾನಾಗಿ ಆ ಕೆಲಸ ಮಾಡಿಟ್ಟಿದೆ.

ಇನ್ನು ನೀರು ಹೊಕ್ಕ ಕಡೆ ಕಲ್ಲಲ್ಲಿ ಸಣ್ಣ ಸಣ್ಣ ಪೊಟರೆ ಆಗ್ತವೆ, ನಿಜವಾದ ಸಂಪತ್ತು ಅಲ್ಲಿರೋದು. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್ ಹಿಡಿದ್ರೆ ಹುಲ್ಲಿನ ಬಣ್ಣದ ಕೂದಲಂಥ ಸ್ಟ್ರುಂಝೈಟ್, ಜೇನುತುಪ್ಪದ ಬಣ್ಣದ ಲಾವೈಟ್ ಕಾಣತ್ತೆ. ಈ ಎರಡನ್ನೂ ಮೊದಲು ಗುರುತಿಸಿದ್ದು ಜರ್ಮನಿಯ ಬವೇರಿಯಾದ ಹಾಗೆಂಡಾರ್ಫಲ್ಲಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಪಲೆರ್ಮೊ ಗಣಿಯ ವಿಟ್ಮೊರೈಟ್ ಅಂತೂ ಕಂದು ಬಣ್ಣದ ಕದಂಬದ ಹೂವೇ, ಉಂಡೆ ಸುತ್ತ ಮುಳ್ಳು ಮುಳ್ಳು, ಆದ್ರೆ ಗಾತ್ರ ಹೆಚ್ಚಾಗಿ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಅಮೆರಿಕದ್ದೇ ಆದ ಕನೆಕ್ಟಿಕಟ್ಟಿನ ಬ್ರಾಂಚ್‌ವಿಲ್ ಅನ್ನೋ ಒಂದೇ ಕ್ವಾರಿಯಿಂದ 1878ರಿಂದೀಚೆಗೆ ಬ್ರಷ್ ಮತ್ತು ಡಾನಾ ಅನ್ನೋ ಖನಿಜ ವಿಜ್ಞಾನಿಗಳು ಸಾಲು ಸಾಲು ಹೊಸ ಫಾಸ್ಫೇಟ್ ವಿವರಿಸಿದ್ರು.

ಹುಡುಕೋದು ಹೇಗೆ ಅಂದ್ರೆ, ಮೊದಲು ಅನುಮತಿ, ಕಣ್ಣಿಗೆ ಸೇಫ್ಟಿ ಕನ್ನಡಕ, ಆಮೇಲೆ ಸುತ್ತಿಗೆ. ಕೈಯಲ್ಲಿ ಎತ್ತಿ ತೂಗಿ ನೋಡಿ, ಫೆಲ್ಡ್‌ಸ್ಪಾರಿನ ಸಾಂದ್ರತೆ ನೀರಿನ ಸುಮಾರು 2.6 ಪಟ್ಟು, ಟ್ರಿಫಿಲೈಟ್ ಸುಮಾರು 3.5, ವ್ಯತ್ಯಾಸ ಕೈಗೇ ಗೊತ್ತಾಗತ್ತೆ. ಆಂಬ್ಲಿಗೊನೈಟ್ ಅನ್ನೋ ಬಿಳಿ ಫಾಸ್ಫೇಟನ್ನ ಫೆಲ್ಡ್‌ಸ್ಪಾರ್ ಅಂತ ಬಿಟ್ಟುಬರೋರೇ ಜಾಸ್ತಿ, ಅದೂ ಸುಮಾರು 3 ಇರೋದ್ರಿಂದ ಭಾರದಲ್ಲೇ ಸಿಕ್ಕಿಬೀಳತ್ತೆ.

ಕ್ಲೀನ್ ಮಾಡೋ ವಿಷಯದಲ್ಲಿ ಮಾತ್ರ ಕೈಮುಗಿದು ಕೇಳ್ಕೋತೀನಿ, ಆಸಿಡ್ ಬೇಡ. ಕ್ವಾರ್ಟ್ಸ್ ಮೇಲಿನ ತುಕ್ಕು ತೆಗೆಯೋ ಆಕ್ಸಾಲಿಕ್ ಆಸಿಡ್ ಕಬ್ಬಿಣದ ಫಾಸ್ಫೇಟನ್ನೂ ತಿಂದುಹಾಕತ್ತೆ. ನಾನು ಶುರುವಿನಲ್ಲಿ ಒಂದು ಒಳ್ಳೆ ತುಂಡನ್ನ ರಾತ್ರಿಯೆಲ್ಲ ನೆನೆಹಾಕಿದ್ದೆ, ಬೆಳಗ್ಗೆ ನೋಡಿದ್ರೆ ಪೊಟರೆ ಖಾಲಿ, ಒಂದು ಉಂಡೆನೂ ಉಳಿದಿರ್ಲಿಲ್ಲ, ಆ ಬೇಜಾರು ಇವತ್ತಿಗೂ ಹೋಗಿಲ್ಲ. ಮಾರಾಟಕ್ಕೆ ಬರೋ ಕಣ್ಣು ಕುಕ್ಕೋ ನೇರಳೆ ಹೆಟೆರೊಸೈಟ್ ಎಷ್ಟೋ ಸಲ ಆಸಿಡಲ್ಲಿ ತೊಳೆದದ್ದೇ, ತೊಳೆದಿದ್ರೆ ಚೀಟಿಯಲ್ಲಿ ಹಾಗಂತ ಬರೀಬೇಕು. ವಿವಿಯನೈಟ್ ಅನ್ನೋ ಕಬ್ಬಿಣದ ಫಾಸ್ಫೇಟ್ ಸಿಕ್ಕಿದ್ರೆ ಕತ್ತಲಲ್ಲಿ ಇಡಿ, ಬಣ್ಣವೇ ಇಲ್ಲದ ಹರಳು ಬೆಳಕು ಬಿದ್ದ ಹಾಗೆ ನೀಲಿಯಾಗಿ ಕಪ್ಪಿಗೆ ತಿರುಗತ್ತೆ. ಆಟುನೈಟ್ ಅನ್ನೋ ಇನ್ನೊಂದು ಫಾಸ್ಫೇಟಲ್ಲಿ ಯುರೇನಿಯಂ ಇದೆ, ಅದಕ್ಕೆ ಮುಚ್ಚಳ ಇರೋ ಬೇರೆ ಡಬ್ಬಿನೇ ಆಗ್ಬೇಕು.

ಚೀಟಿಯಲ್ಲಿ ಗಣಿ ಹೆಸರೊಂದೇ ಸಾಲದು, ತಿರುಳಿನ ಅಂಚಿಂದ ಬಂತಾ, ಗಣಿ ಪಕ್ಕ ಸುರಿದ ಕಲ್ಲಿನ ರಾಶಿಯಿಂದ (ಡಂಪ್) ಬಂತಾ, ಜೊತೆಗೆ ಏನಿತ್ತು, ಅದನ್ನೂ ಬರೀರಿ. ಹರಳನ್ನ ಕಲ್ಲಿಂದ ಬಿಡಿಸಬೇಡಿ, ಯಾವುದು ಯಾವುದರ ಮೇಲೆ ಕೂತಿದೆ ಅನ್ನೋದರಿಂದಲೇ ಯಾವುದು ಮೊದಲು ಬೆಳೀತು ಅಂತ ಗೊತ್ತಾಗೋದು. ಈಗ ಟೇಬಲ್ ಮೇಲೆ ಅರ್ಧ ಗಡ್ಡೆ ಇಟ್ಟಿದೀನಿ, ಲೆನ್ಸೂ ಇದೆ, ಎಡಗಡೆ ಪೊಟರೆಯಿಂದ ಶುರು ಮಾಡಿ, ಒಬ್ಬೊಬ್ಬರೇ ಬನ್ನಿ.