ನೊರೆ ಇಳಿಯಲಿ, ಆಮೇಲೆ ಅಳೆಯೋಣ

ಕೇಳುಗರಿಗೆಲ್ಲ ನಮಸ್ಕಾರ.

ಶಿರಸಿ ಹತ್ತಿರ ನನ್ನ ಅಜ್ಜನ ಮನೆ. ಚಿಕ್ಕವನಿದ್ದಾಗ ರಜೆಗೆ ಹೋದರೆ, ಬೆಳಿಗ್ಗೆ ಡೇರಿಗೆ ಹಾಲು ಒಯ್ಯುವ ಕೆಲಸ ನನ್ನದು. ಓಡುತ್ತಾ ಹೋಗುತ್ತಿದ್ದೆ. ಕ್ಯಾನಿನ ತುಂಬ ನೊರೆ ಏಳುತ್ತಿತ್ತು. ಅಳೆಯುವವರು ಅವಸರ ಮಾಡುತ್ತಿರಲಿಲ್ಲ. "ತಡಿಯೋ ತಮ್ಮಾ, ನೊರೆ ಇಳೀಲಿ" ಅನ್ನುತ್ತಿದ್ದರು.

ಮುಂದೆ ನಾನು ಹಡಗಿನ ಇಂಜಿನ್ ರೂಮು ಸೇರಿದೆ. ಒಮ್ಮೆ ದೂರದ ಒಂದು ಬಂದರಿನಲ್ಲಿ ಎಣ್ಣೆ ತುಂಬಿಸಿಕೊಂಡೆವು. ಹಡಗಿನವರು ಇದಕ್ಕೆ ಬಂಕರ್ ಅನ್ನುತ್ತಾರೆ. ಎಣ್ಣೆ ತಂದ ಬಾರ್ಜಿನವರು, ಎಷ್ಟು ಎಣ್ಣೆ ಕೊಟ್ಟೆವು ಅಂತ ಬರೆದ ಒಂದು ಚೀಟಿ ಕೊಟ್ಟರು. ನಾವು ಟ್ಯಾಂಕಿಗೆ ಟೇಪು ಇಳಿಬಿಟ್ಟು ನೋಡಿದೆವು. ಲೆಕ್ಕ ಸರಿಹೋಯಿತು, ಸಹಿ ಹಾಕಿದೆವು. ಮಾರನೇ ದಿನ ಮತ್ತೆ ಟೇಪು ಇಳಿಬಿಟ್ಟರೆ, ಎಣ್ಣೆ ಕೆಳಗೆ ಹೋಗಿತ್ತು. ಗಾಳಿ ಊದಿ ಕಳಿಸಿದ್ದರು. ನಾವು ದುಡ್ಡು ಕೊಟ್ಟಿದ್ದು ನೊರೆಗೆ.

ಅವತ್ತು ಅದು ಬರೀ ದುಡ್ಡಿನ ಮೋಸವಾಗಿತ್ತು. ಈಗ ಅದೇ ಚೀಟಿ, ಅದೇ ಟೇಪಿನ ಮೇಲೆ ಇಡೀ ಜಗತ್ತಿನ ಹವಾಮಾನದ ಒಂದು ಲೆಕ್ಕ ನಿಂತಿದೆ. ಅದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಕಾರವಾರದ ಕಡಲತೀರದಲ್ಲಿ ನಿಂತರೆ, ಬಂದರಿಗೆ ಡಾಂಬರು ತರುವ ಹಡಗುಗಳ ಹೊಗೆ ಕಾಣುತ್ತದೆ. ಆ ಹೊಗೆಯನ್ನು ಚಿಮಣಿಯ ಬಾಯಲ್ಲೇ ಅಳೆಯುತ್ತಾರೆ ಅಂತ ನೀವು ಅಂದುಕೊಂಡಿರಬಹುದು. ಹಾಗೆ ಅಳೆಯುವ ಯಂತ್ರ ಇದೆ, ಆದರೆ ತೀರಾ ಕಡಿಮೆ ಹಡಗುಗಳಲ್ಲಿ. ಸಾಮಾನ್ಯವಾಗಿ ಸುಟ್ಟ ಎಣ್ಣೆಯನ್ನು ಲೆಕ್ಕ ಹಾಕಿ, ಅದರಿಂದ ಹೊಗೆಯ ಲೆಕ್ಕ ತೆಗೆಯುತ್ತಾರೆ. ಒಂದು ಟನ್ ಕಪ್ಪು ಫರ್ನೇಸ್ ಎಣ್ಣೆ ಸುಟ್ಟರೆ 3.114 ಟನ್ ಇಂಗಾಲದ ಡೈಆಕ್ಸೈಡ್. ಒಂದು ಟನ್ನಿನಿಂದ ಮೂರು ಟನ್ ಹೇಗೆ? ಎಣ್ಣೆಯೊಳಗಿನ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ಹೆಚ್ಚಿನ ತೂಕ ಅದರದ್ದು.

ಹಾಗಾದರೆ ಎಣ್ಣೆ ಅಳೆಯುವುದು ಸುಲಭವಾ? ಅಲ್ಲ. ಈ ಎಣ್ಣೆ ತಣ್ಣಗಿದ್ದರೆ ಕಾಕಂಬಿಯ ಹಾಗೆ ಗಟ್ಟಿ. ಪಂಪಿನಲ್ಲಿ ಹರಿಯಬೇಕಾದರೆ ಬಿಸಿ ಮಾಡಬೇಕು. ಬಿಸಿಯಾದರೆ ಹಿಗ್ಗುತ್ತದೆ. ಟೇಪು ತೋರಿಸುವುದು ಎತ್ತರ ಮಾತ್ರ, ನಮಗೆ ಬೇಕಾದದ್ದು ತೂಕ. ಅದಕ್ಕೆ ಎಣ್ಣೆಯ ಉಷ್ಣತೆ ಗೊತ್ತಿರಬೇಕು, 15 ಡಿಗ್ರಿಯಲ್ಲಿ ಅದರ ಸಾಂದ್ರತೆ ಗೊತ್ತಿರಬೇಕು. ಹಡಗು ಒಂದು ಕಡೆ ವಾಲಿದ್ದರೆ ಅದನ್ನೂ ಸರಿದೂಗಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮುಂದಿನದೆಲ್ಲ ತಪ್ಪು.

5000 ಗ್ರಾಸ್ ಟನ್ನೇಜಿಗಿಂತ ದೊಡ್ಡ ಹಡಗುಗಳಿಗೆ ಈ ಲೆಕ್ಕ ಈಗ ಕಡ್ಡಾಯ. ಗ್ರಾಸ್ ಟನ್ನೇಜ್ ಅಂದರೆ ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ. ಯುರೋಪಿನ ಬಂದರುಗಳಿಗೆ ಹೋಗುವ ಹಡಗುಗಳಿಗೆ 2018ರಿಂದ, ಉಳಿದಂತೆ ಜಗತ್ತಿಗೆಲ್ಲ ಅನ್ವಯಿಸುವ ವಿಶ್ವಸಂಸ್ಥೆಯ ಕಡಲ ಸಂಸ್ಥೆ ಐಎಂಒ ನಿಯಮ 2019ರಿಂದ. ಬರೆದು ಕೊಟ್ಟರೆ ಮುಗಿಯಲಿಲ್ಲ. ಬೇರೆಯವರು ಕೂತು ಪರಿಶೀಲಿಸುತ್ತಾರೆ. ನನಗೆ ತುಂಬ ಮೆಚ್ಚುಗೆಯಾಗುವ ಕೆಲಸ ಇದು. ಹಡಗು ದಿನಾ ಮಧ್ಯಾಹ್ನ ಕಳಿಸುವ ನೂನ್ ರಿಪೋರ್ಟನ್ನು ಅವರು ಎದುರಿಗಿಟ್ಟುಕೊಳ್ಳುತ್ತಾರೆ. ಎಷ್ಟು ಮೈಲಿ, ಎಷ್ಟು ವೇಗ, ಎಷ್ಟು ಎಣ್ಣೆ? ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಎದುರುಗಾಳಿಗೆ ಹೋದ ಹಡಗು ಎಣ್ಣೆ ಜಾಸ್ತಿ ಕುಡಿಯಲೇಬೇಕು. ಕಡಿಮೆ ಅಂತ ಬರೆದಿದ್ದರೆ ಅನುಮಾನ ಬರುತ್ತದೆ. ಬಂಕರ್ ಚೀಟಿ ತೆಗಿ, ಲಾಗ್ ಬುಕ್ ತೆಗಿ ಅನ್ನುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ, ಮೊತ್ತ ಸಣ್ಣದಲ್ಲ. ಐಎಂಒದ ನಾಲ್ಕನೇ ಅಧ್ಯಯನದ ಪ್ರಕಾರ 2018ರಲ್ಲಿ ಹಡಗುಗಳಿಂದ ಬಂದ ಹಸಿರುಮನೆ ಅನಿಲ 107.6 ಕೋಟಿ ಟನ್. ಮನುಷ್ಯರಿಂದ ಆಗುವ ಒಟ್ಟು ಹೊರಸೂಸುವಿಕೆಯಲ್ಲಿ ಸುಮಾರು ಶೇಕಡಾ 2.89.

ಟೇಪಿಗೆ ಸಿಗದ ಒಂದು ವಿಷಯವೂ ಇದೆ. ಈಗ ಎಲ್‌ಎನ್‌ಜಿಯಲ್ಲಿ, ಅಂದರೆ ತಣ್ಣಗೆ ಮಾಡಿ ದ್ರವವಾಗಿಸಿದ ನೈಸರ್ಗಿಕ ಅನಿಲದಲ್ಲಿ ಓಡುವ ಹಡಗುಗಳು ಬಂದಿವೆ. ಅದರಲ್ಲಿ ಹೆಚ್ಚಿನದು ಮೀಥೇನ್. ಅದರ ಟನ್ನಿಗೆ 2.75 ಟನ್ ಇಂಗಾಲದ ಡೈಆಕ್ಸೈಡ್, ಕಡಿಮೆಯೇ. ಆದರೆ ಉರಿಯದೆ ಉಳಿದ ಮೀಥೇನ್ ಸ್ವಲ್ಪ ಇಂಜಿನ್ನಿನಿಂದ ಹಾಗೇ ನುಸುಳಿ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 28 ಪಟ್ಟಾದರೂ ಬಿಸಿ ಹಿಡಿಯುತ್ತದೆ. ಯುರೋಪಿನವರು 2024ರಿಂದ ಇದನ್ನೂ ಲೆಕ್ಕಕ್ಕೆ ಸೇರಿಸಿದ್ದಾರೆ. ಇಂಥ ಹಡಗುಗಳಲ್ಲಂತೂ ಚಿಮಣಿಯಲ್ಲೇ ಅಳೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ನನ್ನದು ಇನ್ನೊಂದು ಬೇಡಿಕೆ ಇದೆ. ಯುರೋಪು ಪ್ರತಿ ಹಡಗಿನ ಲೆಕ್ಕವನ್ನು ಹೆಸರಿನ ಸಮೇತ ಎಲ್ಲರಿಗೂ ಕಾಣುವ ಹಾಗೆ ಇಡುತ್ತದೆ. ಐಎಂಒ ಹಾಗೆ ಇಡುವುದಿಲ್ಲ. ಇಡಬೇಕು. 2006ರ ಮೇ ಕೊನೆಗೆ ಕಾರವಾರದ ಆಯ್ಸ್ಟರ್ ರಾಕ್ ಬಳಿ ಒಂದು ಹಡಗು ಬಂಡೆಗೆ ಸಿಕ್ಕಿ ಎಣ್ಣೆ ಸೋರಿದ್ದು ನಿಮಗೆ ನೆನಪಿರಬಹುದು. ಆಗ ಯಾವ ಹಡಗು ಅಂತ ಊರಿಗೆಲ್ಲ ಗೊತ್ತಿತ್ತು. ಎಣ್ಣೆ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಅಂಟುತ್ತದೆ. ಈ ಅನಿಲ ಕಾಣುವುದೂ ಇಲ್ಲ, ಅಂಟುವುದೂ ಇಲ್ಲ. ಹಾಗಿರುವಾಗ ಹೆಸರೂ ಕಾಣದಿದ್ದರೆ ನಾವು ಕೇಳುವುದು ಯಾರನ್ನು?

ಅಂಕೋಲಾ, ಹೊನ್ನಾವರದ ಕಡೆಯಿಂದ ಹೊಸದಾಗಿ ಹಡಗಿಗೆ ಸೇರುವ ಹುಡುಗರು ಕೆಲವೊಮ್ಮೆ ನನಗೆ ಫೋನ್ ಮಾಡುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು. ತಮ್ಮಾ, ಬಾರ್ಜಿನವರು ಎಷ್ಟೇ ಅವಸರ ಮಾಡಲಿ, ಟೇಪಿನ ಮೇಲೆ ಗುಳ್ಳೆ ಕಂಡರೆ ಸಹಿ ಹಾಕಬೇಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಇಳಿಬಿಡು. ಬಂದ ಅಂಕಿಯನ್ನೇ ಬರಿ.

ನಮಸ್ಕಾರ.