ಮಂಡಿ ಮೊದಲು ನೆಟ್ಟಗಾಗಲಿ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಗಾಡಿಯಿಂದ ಬಿದ್ದೋ, ಬಚ್ಚಲಲ್ಲಿ ಜಾರಿಯೋ ಮಂಡಿ ಮುರಿದುಕೊಂಡು ನನ್ನ ಹತ್ತಿರ ಫಿಸಿಯೋಥೆರಪಿಗೆ ಬರುವವರು ಮೊದಲು ಕೇಳುವುದು, "ಕಾಲು ಮಡಚೋಕೆ ಯಾವಾಗ ಆಗುತ್ತೆ?" ಅಂತ. ನಾನು ಮೊದಲು ನೋಡುವುದು ಕಾಲು ಪೂರ್ತಿ ನೆಟ್ಟಗಾಗುತ್ತಾ ಅಂತ. ಸ್ವಲ್ಪ ಬಗ್ಗಿದ ಹಾಗೇ ಮಂಡಿ ಬಿಗಿದುಕೊಂಡರೆ ನಡಿಗೆ ಕುಂಟುತ್ತದೆ. ಸುಮ್ನೆ ನಿಂತರೂ ತೊಡೆ ಸೋಲುತ್ತದೆ.

ಮನೆಯವರು ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಡುತ್ತಾರೆ. ಹಾಯಾಗಿರುತ್ತದೆ, ನಿಜ. ಆದರೆ ದಿನವಿಡೀ ಹಾಗೇ ಮಲಗಿದರೆ ಮಂಡಿ ಆ ಬಾಗಿಗೇ ಒಗ್ಗಿಹೋಗುತ್ತದೆ. ದಿಂಬು ಬೇಕೇ ಬೇಕು ಅಂದರೆ ಹಿಮ್ಮಡಿ ಕೆಳಗೆ ಇಡಿ.

ಕಾಲೂರುವ ವಿಷಯದಲ್ಲಿ ಮಾತ್ರ ಪಕ್ಕದ ಮನೆಯವರ ಲೆಕ್ಕ ನಿಮಗೆ ಬೇಡ. ಮಂಡಿಚಿಪ್ಪು ಮುರಿದವರಿಗೆ ಬ್ರೇಸ್, ಅಂದರೆ ಮಂಡಿ ಅಲುಗದಂತೆ ಹಿಡಿಯುವ ಪಟ್ಟಿ ಹಾಕಿಸಿ ಬೇಗನೆ ನಡೆಸುವುದುಂಟು. ಮಂಡಿಯ ಕೆಳಗಿನ ದಪ್ಪ ಮೂಳೆ, ಅಂದರೆ ಟಿಬಿಯಾದ ಮೇಲ್ತುದಿ ಮುರಿದಿದ್ದರೆ ಸಾಮಾನ್ಯವಾಗಿ 6ರಿಂದ 12 ವಾರ ಭಾರ ಹಾಕಲು ಬಿಡುವುದಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರ್ ಹೇಳಿದ್ದೇ ಕೊನೆ.

ಕಾಲೂರದಿದ್ದರೂ ತೊಡೆಗೆ ಕೆಲಸ ಕೊಡಬಹುದು. ಡಾಕ್ಟರ್ ಒಪ್ಪಿದ ಮೇಲೆ ಹಾಸಿಗೆಯಲ್ಲಿ ಕಾಲು ಚಾಚಿ ಕೂರಿ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯ ಹಿಂಭಾಗವನ್ನು ಹಾಸಿಗೆಯ ಕಡೆಗೆ ಒತ್ತುತ್ತಾ ತೊಡೆ ಬಿಗಿ ಮಾಡಿ. ಮಂಡಿಚಿಪ್ಪಿಗಿಂತ ಸ್ವಲ್ಪ ಮೇಲೆ, ತೊಡೆಯ ಒಳಮಗ್ಗುಲಲ್ಲಿ ಬೆರಳಿಟ್ಟು ನೋಡಿ. ಅಲ್ಲಿನ ಮಾಂಸ ಗಟ್ಟಿಯಾಗಬೇಕು. ಐದು ಎಣಿಸಿ ಸಡಿಲ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು. ಮೊದಮೊದಲು ಬೆರಳಿಗೆ ಏನೂ ತಿಳಿಯದಿರಬಹುದು. ಪೆಟ್ಟು ಬಿದ್ದು ಊದಿಕೊಂಡ ಮಂಡಿ ತೊಡೆಯ ಸ್ನಾಯುವನ್ನು ಮಂಕು ಮಾಡಿಬಿಡುತ್ತದೆ. ಬಿಡಬೇಡಿ, ಬರುತ್ತದೆ.

ಆಮೇಲೆ ಮಡಚುವುದು. ಕಾಲು ಪೂರ್ತಿ ನೆಟ್ಟಗಿದ್ದರೆ ಸೊನ್ನೆ ಡಿಗ್ರಿ ಅಂತ ಲೆಕ್ಕ. ಸಮತಟ್ಟಾದ ಕಡೆ ನಡೆಯಲು ಮಂಡಿ ಸುಮಾರು 60ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ, ಕುರ್ಚಿಯಿಂದ ಏಳಲು 90ರ ಆಸುಪಾಸು ಬೇಕು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಕಾದರೆ 120 ದಾಟಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಶೌಚಕ್ಕೆ ಕುಕ್ಕರಗಾಲಲ್ಲಿ ಕೂರುವ ಬದಲು ಕಮೋಡ್ ಕುರ್ಚಿ ತರಿಸಿಕೊಳ್ಳಿ, ನಾಚಿಕೆ ಬೇಡ. ಎಣ್ಣೆ ಹಚ್ಚಿ ಬೇರೆಯವರು ಕಾಲನ್ನು ಒತ್ತಿ ಮಡಚುವುದು ಖಂಡಿತ ಬೇಡ. ಮಲಗಿಕೊಂಡು ಹಿಮ್ಮಡಿಯನ್ನು ನೀವೇ ನಿಧಾನವಾಗಿ ನಿಮ್ಮ ಕಡೆ ಜಾರಿಸಿಕೊಳ್ಳಿ. ಊತ ಜಾಸ್ತಿಯಾದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ.

ನಮ್ಮೂರಲ್ಲಿ ಲಿಫ್ಟ್ ಇಲ್ಲದ ಎರಡನೇ ಮಹಡಿಯ ಬಾಡಿಗೆ ಮನೆಗಳು ಎಷ್ಟಿಲ್ಲ! ಭಾರ ಹಾಕಲು ಒಪ್ಪಿಗೆ ಸಿಕ್ಕ ಮೇಲೆ, ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಊರುಗೋಲು ಪೆಟ್ಟಾದ ಕಾಲಿನ ಎದುರು ಕೈಯಲ್ಲಿರಲಿ. ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ, ಬಳಸಿ. ಕಲ್ಲು ಎದ್ದ ಫುಟ್‌ಪಾತ್ ಕೊನೆಯ ಪಾಠ, ಮೊದಲು ಪಾರ್ಕಿನಲ್ಲಿ ನಡೆದು ರೂಢಿಯಾಗಲಿ.

ಖರ್ಚಿನ ಭಯಕ್ಕೆ ವ್ಯಾಯಾಮ ನಿಲ್ಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಕಡೆಯೂ ಫಿಸಿಯೋಥೆರಪಿ ಸಿಗುತ್ತದೆ.

ಒಂದು ಎಚ್ಚರ. ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ಜೊತೆಗೆ ಎದೆನೋವು, ಏದುಸಿರು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ.